ಮೂವತ್ತೊಂದನೆಯ ಆನೆ

ಆನೆಯನ್ನು ನೆಟ್ಟಗೆ ನಿಲ್ಲಿಸಬಾರದಿತ್ತು. ಬೆಳಿಗ್ಗೆ ಆರೂವರೆಯಿಂದ ಶ್ರೀಧರನ ತಲೆಯಲ್ಲಿ ಈ ಒಂದೇ ಮಾತು ಸುತ್ತುತ್ತಿತ್ತು. ಹಲ್ಲುಜ್ಜುವಾಗ ಇತ್ತು, ಮಾಲೂರು ಬಸ್ ನಿಲ್ದಾಣದ ಎದುರಿನ ತನ್ನ ಸ್ಟುಡಿಯೋದ ಶಟರ್ ಎತ್ತುವಾಗ ಇತ್ತು, ಈಗ ಗಿರಾಕಿಯ ಗಲ್ಲ ಹಿಡಿದು ತುಸು ಬಲಕ್ಕೆ ತಿರುಗಿಸುವಾಗಲೂ ಇತ್ತು. ನಿನ್ನೆ ಸಂಜೆ ಕೋಲಾರದ ಪ್ರೆಸ್ಸಿನಿಂದ ಪವಿತ್ರ ಫೋನ್ ಮಾಡಿದ್ದಳು. ಅವನ ನಾಣ್ಯಗಳ ಪುಸ್ತಕದ ಪುಟ ಜೋಡಿಸುವ ಹುಡುಗಿ. ನಾಣ್ಯದ ವಿಷಯ ಅವಳಿಗೆ ಗೊತ್ತಿಲ್ಲ, ಆದರೆ ಸಾಲಿನಲ್ಲಿ ಒಂದು ಚಿತ್ರ ಓರೆಯಾಗಿದ್ದರೆ ಅನ್ನದಲ್ಲಿ ಕಲ್ಲು ಸಿಕ್ಕವಳಂತೆ ಆಡುತ್ತಾಳೆ. "ಸಾರ್, ಇಪ್ಪತ್ನಾಲ್ಕನೇ ಪುಟದಲ್ಲಿ ಮೂವತ್ತೊಂದನೇ ಆನೆ ವಾಲಿದೆ, ಬಿದ್ದೋಗೋ ಹಂಗಿದೆ. ನೆಟ್ಟಗಿರೋದು ಕಳಿಸ್ತೀರಾ? ನಾಳೆ ಐದು ಗಂಟೆಗೆ ಮಿಷಿನ್ನಿಗೆ ಹೋಗುತ್ತೆ." ಇಷ್ಟೇ. ಬೆಳಿಗ್ಗೆ ಎದ್ದವನು ಕಾಫಿಗೂ ಮೊದಲು ಕಂಪ್ಯೂಟರ್ ಹಾಕಿ, ಮೂವತ್ತೊಂದನೆಯ ನಾಣ್ಯವನ್ನು ತಿರುಗಿಸಿದ. ಹದಿನಾಲ್ಕು ಡಿಗ್ರಿ. ಆನೆ ನಾಲ್ಕು ಕಾಲ ಮೇಲೆ ಸಮನಾಗಿ ನಿಂತಿತು. ಸರಿಯಾಯಿತೇ ಎಂದು ನೋಡಲು ಪಕ್ಕದಲ್ಲಿ ಹದಿನೇಳನೆಯದನ್ನು ಇಟ್ಟ. ಆಗ ಕಂಡಿತು.

ಹದಿನೇಳನೆಯದು ಕಂದು, ಅಲ್ಲಲ್ಲಿ ಹಸಿರು ಕಿಲುಬು. ಮೂವತ್ತೊಂದನೆಯದು ಕೆಂಪು, ತೊಳೆದ ತಾಮ್ರದ ಕೆಂಪು. ಎರಡರಲ್ಲೂ ಆನೆ, ಆನೆಯ ಮೇಲೆ ಸೂರ್ಯ ಚಂದ್ರ, ಹೊಟ್ಟೆಯ ಕೆಳಗೆ ಸಾಸಿವೆಯಷ್ಟು ಉಬ್ಬಿದ ಒಂದು ಚುಕ್ಕೆ. ಬೇರೆ ಯಾವ ಆನೆ ಕಾಸಿನಲ್ಲೂ ಆ ಚುಕ್ಕೆಯನ್ನು ಅವನು ಕಂಡಿರಲಿಲ್ಲ. ಅಚ್ಚು ಕೊರೆದವನು ಬೇಕೆಂದೇ ಇಟ್ಟ ಗುರುತು ಅದು ಎಂದು ಅವನು ಬರೆದಿದ್ದ. ಚುಕ್ಕೆ ಒಂದೇ ಕಾಸಿನಲ್ಲಿದ್ದರೆ ಯಾರೂ ಒಪ್ಪುತ್ತಿರಲಿಲ್ಲ. ತಾಮ್ರದಲ್ಲೆದ್ದ ಗುಳ್ಳೆ ಅನ್ನುತ್ತಿದ್ದರು. ಎರಡು ಬೇರೆ ಬೇರೆ ಕಾಸುಗಳಲ್ಲಿ, ಅದೇ ಜಾಗದಲ್ಲಿ ಇದ್ದರೆ ಅದು ಅಚ್ಚಿನದೇ. ಅವನ ಪುಸ್ತಕದಲ್ಲಿ ಹೊಸತೆಂದು ಇದ್ದದ್ದು ಇದೊಂದೇ, ಅದಕ್ಕೇ ಇಪ್ಪತ್ತನಾಲ್ಕನೇ ಪುಟದಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟಿದ್ದ. ಮಿಕ್ಕ ನಲವತ್ತನಾಲ್ಕು ಕಾಸುಗಳ ಬಗ್ಗೆ ತಿಳಿದವರಿಗೆ ಮೊದಲೇ ತಿಳಿದಿತ್ತು. ಈಗ ಎರಡು ಆನೆಗಳೂ ನೆಟ್ಟಗೆ ನಿಂತಿದ್ದವು. ಎರಡರ ಅಂಚಿನಲ್ಲೂ ಬಾಲದ ಹತ್ತಿರ ಇಲಿ ಕಡಿದಂಥ ಒಂದು ಕಚ್ಚು. ಎರಡರಲ್ಲೂ ಸೊಂಡಿಲಿನ ಮುಂದೆ ಅಂಚು ಚಪ್ಪಟೆ. ಎರಡರಲ್ಲೂ ಸೂರ್ಯನ ಬಲಕ್ಕೆ ಕೂದಲೆಳೆಯಂಥ ಬಿರುಕು. ಸುತ್ತಿಗೆಯಿಂದ ಹೊಡೆದು ಮಾಡಿದ ಕಾಸು. ಒಂದೇ ಅಚ್ಚು ಸಾವಿರ ಬಿಲ್ಲೆಗಳ ಮೇಲೆ ಬೀಳಬಹುದು, ಆದರೆ ಎರಡು ಬಿಲ್ಲೆಗಳ ಅಂಚು ಒಂದೇ ಥರ ಇರುವುದಿಲ್ಲ. ಹೊಸಬರಿಗೆ ಅವನೇ ಹೇಳಿಕೊಡುತ್ತಿದ್ದ ಮೊದಲ ಪಾಠ ಇದು. ಒಂದು ಚಿತ್ರದ ಮೇಲೆ ಇನ್ನೊಂದನ್ನು ಎಳೆದು ಕೂರಿಸಿದ. ಕಚ್ಚಿನ ಮೇಲೆ ಕಚ್ಚು ಕೂತಿತು. ಏಳು ವರ್ಷದ ಹಿಂದೆ ಒಂದು ಸಲ, ಮೂರು ವರ್ಷದ ಹಿಂದೆ ಇನ್ನೊಂದು ಸಲ ಅವನು ತೆಗೆದದ್ದು ಒಂದೇ ಕಾಸಿನ ಫೋಟೋ.

"ಸಾರ್, ಮುಖ ಅದೇ ತಾನೇ," ಎಂದ ಗಿರಾಕಿ. ಮಾಸ್ತಿ ಕಡೆಯ ಆಂಜಿನಪ್ಪ. ಯಾವುದೋ ಅರ್ಜಿಗೆ ಆರು ತಿಂಗಳೊಳಗಿನ ಫೋಟೋ ಬೇಕಂತೆ. ಅವನು ಕುರ್ಚಿಯಿಂದ ಎದ್ದು, ನಾಲ್ಕು ವರ್ಷದ ಹಿಂದೆ ಇಲ್ಲೇ ತೆಗೆಸಿದ ಫೋಟೋವನ್ನು ಜೇಬಿನಿಂದ ತೆಗೆದು ಕೌಂಟರಿನ ಮೇಲಿಟ್ಟಿದ್ದ. "ಇದ್ರಲ್ಲಿ ಚೆನ್ನಾಗಿದ್ದೀನಿ. ಈಗ ತೆಗೆದ್ರೆ ಹಲ್ಲಿಲ್ದೆ ಕೆನ್ನೆ ಒಳಗೋಗಿರೋದು ಕಾಣ್ಸುತ್ತೆ. ಅಂಗಿ ಒಂದು ಬದಲಾಯ್ಸಿ, ಬಣ್ಣ ಒಂಚೂರು ಏರ್ಸಿಬಿಡಿ. ಹೊಸದೇ ಆಗೋಗುತ್ತೆ." "ಹಳೇದನ್ನ ಹೊಸದು ಅಂತ ಕೊಡಕ್ಕಾಗುತ್ತೇನ್ರೀ," ಎಂದ ಶ್ರೀಧರ. ಬೇಕಾದ್ದಕ್ಕಿಂತ ಗಟ್ಟಿಯಾಗಿ ಬಂದಿತ್ತು. ಆಂಜಿನಪ್ಪ ಅವನ ಮುಖವನ್ನೇ ನೋಡಿದ. "ಹೋದ್ಸಲ ನೀವೇ ಮಾಡ್ಕೊಟ್ರಲ್ಲ ಸಾರ್, ನಮ್ಮ ಭಾರತಮ್ಮಂದು. ಸೀರೆ ಸಮೇತ ಬದಲಾಯ್ಸಿ." ಹೌದು, ಮಾಡಿಕೊಟ್ಟಿದ್ದ. ವಾರಕ್ಕೆ ನಾಲ್ಕು ಮಾಡಿಕೊಡುತ್ತಾನೆ. ಕೂತು ಆಂಜಿನಪ್ಪನ ಹಳೆಯ ಮುಖಕ್ಕೆ ನೀಲಿ ಗೆರೆಯ ಅಂಗಿ ತೊಡಿಸಿದ. ಕುತ್ತಿಗೆಯ ಹತ್ತಿರ ಅಂಗಿ ಸರಿಯಾಗಿ ಕೂರಲಿಲ್ಲ. ಚಿತ್ರವನ್ನು ಎರಡು ಡಿಗ್ರಿ ತಿರುಗಿಸಿದ ಮೇಲೆ ಕೂತಿತು. ಕೈ ತಾನಾಗಿ ಮಾಡಿದ ಕೆಲಸ ಅದು. ಮಾಡಿದ ಮೇಲೆ ಕೈಯನ್ನು ಮೌಸಿನ ಮೇಲಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡ.

ಪರದೆಯ ಹಿಂದೆ ಅವನ ನಾಣ್ಯದ ಮೇಜಿತ್ತು. ಹಿಂದೆ ಫೋಟೋ ದೊಡ್ಡದು ಮಾಡಲು ಬಳಸುತ್ತಿದ್ದ ಎನ್‌ಲಾರ್ಜರಿನ ಕಂಬಕ್ಕೆ ಕ್ಯಾಮೆರಾವನ್ನು ತಲೆಕೆಳಗಾಗಿ ಬಿಗಿದಿದ್ದ. ಅದರ ಕೆಳಗೆ, ತಳ ಕತ್ತರಿಸಿದ ಒಂದು ಕಾಗದದ ಟೀ ಕಪ್ಪು. ಕಪ್ಪಿನ ಮಧ್ಯೆ ಕಾಸನ್ನಿಟ್ಟು ಹೊರಗಿನಿಂದ ದೀಪ ಹಾಕಿದರೆ ಬಿಳಿ ಕಾಗದದ ಮೂಲಕ ಬೆಳಕು ಹಾಲಿನಂತೆ ಇಳಿಯುತ್ತಿತ್ತು. ಮೊದಲ ವರ್ಷಗಳಲ್ಲಿ ದೀಪ ಎಡಕ್ಕಿತ್ತು. ಆಮೇಲೆ ಹೊಸ ಎಲ್‌ಇಡಿ ತಂದಾಗ ಪ್ಲಗ್ಗು ಆ ಕಡೆ ಎಟುಕದೆ ಬಲಕ್ಕೆ ಬಂತು. ಹದಿನೇಳನೆಯ ಆನೆಗೆ ಎಡದ ಬೆಳಕು, ಮೂವತ್ತೊಂದನೆಯದಕ್ಕೆ ಬಲದ್ದು. ನೆರಳು ಆ ಕಡೆಯದು ಈ ಕಡೆ ಬಿದ್ದಿತ್ತು. ಎರಡು ಬಣ್ಣ, ಎರಡು ಬೆಳಕು, ಹದಿನಾಲ್ಕು ಡಿಗ್ರಿ. ತೂಕವೂ ಬೇರೆ. ಹದಿನೇಳನೆಯದು 3.12 ಗ್ರಾಂ, ಮೂವತ್ತೊಂದನೆಯದು 3.07. ಆ ವ್ಯತ್ಯಾಸವನ್ನು ಅವನು ಅಡಿಟಿಪ್ಪಣಿಯಲ್ಲಿ ಬರೆದಿದ್ದ, ಎರಡೂ ಬೇರೆ ಎಂಬುದಕ್ಕೆ ಸಾಕ್ಷಿಯಾಗಿ. ಆ ಐವತ್ತು ಮಿಲಿಗ್ರಾಂ ಎಲ್ಲಿಗೆ ಹೋಯಿತೆಂದು ಅವನಿಗೆ ಗೊತ್ತಾಗಿ ಆಗಲೇ ಮೂರು ಗಂಟೆ ಹೊತ್ತು ಕಳೆದಿತ್ತು. ಏಳೂವರೆಗೇ ಶ್ರೀನಿವಾಸಪುರಕ್ಕೆ, ಆ ಕಾಸು ಕೊಟ್ಟಿದ್ದ ಅಶ್ವತ್ಥಪ್ಪ ಮೇಷ್ಟ್ರ ಮನೆಗೆ ಫೋನ್ ಮಾಡಿದ್ದ. ಎತ್ತಿದ್ದು ಅವರ ಹೆಂಡತಿ ಶಾಮಲಮ್ಮ. "ಅಮ್ಮಾ, ನೀವು ವರಮಹಾಲಕ್ಷ್ಮಿ ಕಳಸಕ್ಕೆ ಆನೆ ಕಾಸು ಹಾಕ್ತಿದ್ರಲ್ಲ, ಎಷ್ಟು ಹಾಕ್ತಿದ್ರಿ?" "ಎಷ್ಟೂಂದ್ರೆ? ಒಂದೇ ನಾಯ್ನಾ. ನಮ್ಮತ್ತೆ ಕಾಲದ್ದು. ನಿನ್ನ ಹತ್ರನೇ ಅಲ್ವಾ ಇರೋದು, ಮೂರು ಹಬ್ಬ ಆಯ್ತು." "ಕಳಸಕ್ಕೆ ಹಾಕೋ ಮುಂಚೆ ತೊಳೀತೀರಾ?" "ಮತ್ತೆ? ಕಿಲುಬು ಹಿಡಿದಿರೋದನ್ನ ದೇವರಿಗೆ ಇಡ್ತಾರಾ? ಹುಣಸೆಹಣ್ಣು, ಉಪ್ಪು ಹಾಕಿ ಚೆನ್ನಾಗಿ ಉಜ್ಜಿ ಇಡೋದು. ಯಾಕೆ?" ಏನಿಲ್ಲಮ್ಮ, ಎಂದಿದ್ದ. "ಇವತ್ತು ಬರ್ತೀಯಂತಲ್ಲ, ಇವರು ಬೆಳಿಗ್ಗೆಯಿಂದ ಅಂಗಿ ಹಾಕ್ಕೊಂಡು ಕೂತವ್ರೆ. ಆ ಕಾಸು ಮರೀದೆ ತಂದ್ಬಿಡು."

ಹಳೆಯ ಕಾಸನ್ನು ತೊಳೆಯಬಾರದು. ನಾಣ್ಯದವರಿಗೆ ಅದಕ್ಕಿಂತ ದೊಡ್ಡ ಪಾಪ ಇಲ್ಲ. ಅವನಿಗೆ ಅದನ್ನು ಕಲಿಸಿದ್ದು ಮೇಷ್ಟ್ರು. ಅದೇ ಮೇಷ್ಟ್ರ ಮನೆಯಲ್ಲಿ ವರ್ಷಕ್ಕೊಮ್ಮೆ, ಬಚ್ಚಲ ಕಲ್ಲಿನ ಮೇಲೆ, ಚೊಂಬು ಹರಿವಾಣಗಳ ಜೊತೆ ಆ ಆನೆಯೂ ಹುಣಸೆಹಣ್ಣಿನಲ್ಲಿ ಮಿಂದು ಏಳುತ್ತಿತ್ತು. ಮೇಷ್ಟ್ರು ದೇವರ ಮನೆಯ ಕಡೆ ತಲೆ ಹಾಕುವವರಲ್ಲ. ಏಳು ವರ್ಷದ ಹಿಂದೆ, ಆ ವರ್ಷ ಸೂತಕ ಬಂದು ಹಬ್ಬ ನಿಂತಿದ್ದಾಗ, ಕಿಲುಬು ಹಿಡಿದ ಕಾಸನ್ನು ಎಲ್ಲಿಂದಲೋ ತೆಗೆದುಕೊಟ್ಟು ಫೋಟೋ ತೆಗಿ ಎಂದರು. ತೆಗೆದು ಹಿಂದಿರುಗಿಸಿದ. ನಾಲ್ಕು ವರ್ಷದ ನಂತರ, ಹಬ್ಬದ ಮಾರನೆಯ ವಾರ, "ಇನ್ನೊಂದು ಸಿಕ್ತು ಕಣೋ, ಅದೇ ಚುಕ್ಕೆ" ಎಂದು ಕೆಂಪಗೆ ಹೊಳೆಯುವುದನ್ನು ಅವನ ಅಂಗೈಗೆ ಹಾಕಿದರು. ಆಗಲೇ ಅವರ ಕಣ್ಣಿಗೆ ಮಬ್ಬು ಕವಿಯತೊಡಗಿತ್ತು. ಅವರು ಕೊಟ್ಟದ್ದರಲ್ಲಿ ಮೋಸವಿರಲಿಲ್ಲ. ಕಣ್ಣು ಚೆನ್ನಾಗಿದ್ದವನು ಇವನು. ಇನ್ನೊಂದು ಬೇಕು ಬೇಕು ಎಂದು ನಾಲ್ಕು ವರ್ಷ ಕಾದವನು, ಇನ್ನೊಂದು ಎಂದು ಕೊಟ್ಟಾಗ ಇನ್ನೊಂದನ್ನೇ ಕಂಡ. ಆ ಸಂಜೆಯೇ ಅಚ್ಚಿಗೆ ಅವರ ಹೆಸರಿಟ್ಟು ಬರೆದ: ಅಶ್ವತ್ಥಪ್ಪ ಅಚ್ಚು, ಎರಡು ಕಾಸುಗಳು ದೊರೆತಿವೆ.

ಹನ್ನೊಂದರ ಬಸ್ಸಿಗೆ ಹತ್ತಿದ. ಕಿಟಕಿಯ ಗಾಜು ಸಿಕ್ಕಿಕೊಂಡು ಅರ್ಧಕ್ಕೆ ನಿಂತಿತ್ತು, ಮೇಲಕ್ಕೂ ಹೋಗದು, ಕೆಳಕ್ಕೂ ಬಾರದು. ಗಾಜಿನ ಅಂಚು ಸರಿಯಾಗಿ ಕಣ್ಣಿನ ಮಟ್ಟಕ್ಕೆ ಬರುತ್ತಿತ್ತು. ತಲೆ ಬಗ್ಗಿಸಿದರೆ ರಸ್ತೆ, ಎತ್ತಿದರೆ ಧೂಳು ಹಿಡಿದ ಆಕಾಶ. ಕಾಸು ಅಂಗಿಯ ಜೇಬಿನಲ್ಲಿ, ಬೆಣ್ಣೆಕಾಗದದ ಪೊಟ್ಟಣದಲ್ಲಿತ್ತು. ಬೆರಳು ಅದನ್ನು ಮುಟ್ಟಿ ಮುಟ್ಟಿ ನೋಡುತ್ತಿತ್ತು. ಹೇಳಿಬಿಡುವುದು ಎಂದು ತೀರ್ಮಾನಿಸಿದ್ದ. ಮೇಷ್ಟ್ರೇ, ಇರೋದು ಒಂದೇ ಕಾಸು. ನಾಲ್ಕು ಪದ. ಆಮೇಲೆ ಪ್ರೆಸ್ಸಿಗೆ ಫೋನ್ ಮಾಡಿ ಇಪ್ಪತ್ತನಾಲ್ಕನೇ ಪುಟವನ್ನು ನಿಲ್ಲಿಸುವುದು. ಆಮೇಲೆ ಸುಗಟೂರಿಗೆ. ಸುಗಟೂರು ಎಂದುಕೊಂಡದ್ದೇ ಕಿವಿ ಬಿಸಿಯಾಯಿತು. ಒಂದೂವರೆ ವರ್ಷವಾಗಿತ್ತು. ಕೋಲಾರದಲ್ಲಿ, ಪುಸ್ತಕದಂಗಡಿಯ ಮೇಲಿನ ಕೋಣೆಯಲ್ಲಿ, ತಿಂಗಳಿಗೊಮ್ಮೆ ಸೇರುವ ನಾಣ್ಯಾಸಕ್ತರ ಕೂಟ. ಇಪ್ಪತ್ತು ಜನ, ಒಬ್ಬಳನ್ನು ಬಿಟ್ಟರೆ ಎಲ್ಲರೂ ಐವತ್ತು ದಾಟಿದ ಗಂಡಸರು. ಅವಳು ರಂಜಿತ, ಸುಗಟೂರಿನವಳು, ಇತಿಹಾಸದಲ್ಲಿ ಎಂ.ಎ. ಓದುತ್ತಿದ್ದವಳು, ಮೂರು ತಿಂಗಳಿಂದ ಬಂದು ಹಿಂದಿನ ಸಾಲಿನಲ್ಲಿ ಕೂತು ಬರೆದುಕೊಳ್ಳುತ್ತಿದ್ದಳು. ಶ್ರೀಧರ ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಎರಡು ಆನೆಗಳನ್ನೂ ಅಕ್ಕಪಕ್ಕ ಬಿಟ್ಟ. ಅವಳು ಕುತ್ತಿಗೆಯನ್ನು ಒಂದು ಪಕ್ಕಕ್ಕೆ ವಾಲಿಸಿದಳು, ಹಾಗೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಕೈಯೆತ್ತಿ, "ಸಾರ್, ಇವೆರಡೂ ಒಂದೇ ಕಾಸಲ್ವಾ?" ಎಂದಳು.

ಅವನಿಗೆ ಉತ್ತರ ಸಿದ್ಧವಾಗಿಯೇ ಇತ್ತೆಂಬಂತೆ ನಾಲಿಗೆಗೆ ಬಂತು. "ಸುಗಟೂರಲ್ಲಿ ರೇಷ್ಮೆಗೂಡು ನೋಡಿ ನೋಡಿ ನಿನಗೆ ಎಲ್ಲಾ ಒಂದೇ ಥರ ಕಾಣುತ್ತೆ ಕಣಮ್ಮ." ಕೋಣೆ ನಕ್ಕಿತು. ಮುಂದಿನ ಸಾಲಿನಲ್ಲಿ ಮೇಷ್ಟ್ರೂ ನಕ್ಕರು, ಭುಜ ಕುಲುಕುವ ಹಾಗೆ. ಅವಳು ನಿಂತೇ ಇದ್ದಳು. "ಗೂಡು ಒಂದೇ ಥರ ಇರಲ್ಲ ಸಾರ್," ಎಂದಳು, ಕೋಪದಿಂದಲ್ಲ, ಗೊತ್ತಿಲ್ಲದವನಿಗೆ ತಿಳಿಸುವವಳಂತೆ. ಅದಕ್ಕೆ ಇನ್ನೂ ಜೋರಾಗಿ ನಕ್ಕರು. ಟೀ ಬರುವ ಮೊದಲೇ ಎದ್ದು ಹೋದಳು, ಮತ್ತೆ ಬರಲಿಲ್ಲ. ಆಮೇಲೆ ಒಂದು ದಿನ ಯಾವುದೋ ಮದುವೆಯ ಆಲ್ಬಮ್ ಕೊಡಲು ಸುಗಟೂರಿಗೆ ಹೋಗಿದ್ದಾಗ, ಒಂದು ಮನೆಯ ಜಗಲಿಯಲ್ಲಿ ಹೆಂಗಸರು ಗೂಡು ಆರಿಸುವುದನ್ನು ಕಂಡಿದ್ದ. ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯಿಂದ ಬಿಡಿಸಿದ ಗೂಡುಗಳ ರಾಶಿ; ಅದರಲ್ಲಿ ಕೈಯಾಡಿಸುತ್ತ, ಮಾತಾಡುತ್ತ, ಜೋಡುಗೂಡು, ಕಲೆಯದು, ತೆಳುವಾದದ್ದು ಎಂದು ಒಂದೊಂದನ್ನೂ ಒಂದೊಂದು ಬುಟ್ಟಿಗೆ ಎಸೆಯುತ್ತಿದ್ದರು. ಒಂದನ್ನೂ ಎರಡನೇ ಸಲ ನೋಡುತ್ತಿರಲಿಲ್ಲ. ಅವನಿಗೆ ಎಲ್ಲವೂ ಬೆಳ್ಳಗೆ ಒಂದೇ ಥರ ಕಂಡಿದ್ದವು. ಆ ಮನೆ ಅವಳದ್ದಿರಬಹುದು ಎನ್ನಿಸಿ, ಆಲ್ಬಮ್ ಕೊಟ್ಟವನು ನೀರೂ ಕುಡಿಯದೆ ಹೊರಟಿದ್ದ. ಪುಸ್ತಕದ ಕೊನೆಯಲ್ಲಿ ನೆರವಾದವರ ಪಟ್ಟಿ ಇತ್ತು. ಮೊದಲು ಬರೆದಾಗ ಅವಳ ಹೆಸರೂ ಇತ್ತು, ಮುಳಬಾಗಿಲು ಕಡೆಯ ಎರಡು ಕಾಸುಗಳ ವಿವರ ತಂದುಕೊಟ್ಟಿದ್ದಳು. ಎರಡನೇ ಕರಡಿನಲ್ಲಿ ಅದು ಇರಲಿಲ್ಲ. ತೆಗೆದದ್ದು ಯಾವಾಗ ಎಂದು ನೆನಪಾಗುವುದಿಲ್ಲ. ನೆನಪಾಗುವುದಿಲ್ಲ ಎನ್ನುವುದು ಸುಳ್ಳು, ಕೂಟದ ರಾತ್ರಿಯೇ ತೆಗೆದಿದ್ದ.

ಕೋಲಾರದಲ್ಲಿ ಬಸ್ಸು ಬದಲಿಸಬೇಕು. ಶ್ರೀನಿವಾಸಪುರದ ಬಸ್ಸಿನ ಪಕ್ಕದಲ್ಲೇ ಸುಗಟೂರಿನ ಬೋರ್ಡು ಹಾಕಿದ ಬಸ್ಸು ನಿಂತಿತ್ತು. ಬಾಗಿಲು ತೆರೆದಿತ್ತು, ಡ್ರೈವರ್ ಸೀಟಿನಲ್ಲಿ ಕೂತು ಕಡಲೆಕಾಯಿ ಬಿಡಿಸುತ್ತಿದ್ದ. ಹತ್ತಬಹುದಿತ್ತು. ಮುಕ್ಕಾಲು ಗಂಟೆಯ ದಾರಿ. ಹೋಗಿ, ಯಾರನ್ನಾದರೂ ಕೇಳಿ, ಜಗಲಿಯ ಮುಂದೆ ನಿಂತು, ನೀನು ಹೇಳಿದ್ದೇ ಸರಿ ಕಣಮ್ಮ ಎನ್ನಬಹುದಿತ್ತು. ಅವಳು ಏನೂ ಅನ್ನುತ್ತಿರಲಿಲ್ಲ. ಗೂಡಿನ ರಾಶಿಯಿಂದ ಕೈ ತೆಗೆಯದೆ, ನನಗೆ ಆವತ್ತೇ ಗೊತ್ತಿತ್ತಲ್ಲ ಸಾರ್ ಎಂಬಂತೆ ಒಮ್ಮೆ ನೋಡುತ್ತಿದ್ದಳು, ಅಷ್ಟೆ. ಆ ನೋಟವನ್ನು ಊಹಿಸಿಕೊಂಡೇ ಅವನು ಶ್ರೀನಿವಾಸಪುರದ ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟ. ಮೊದಲು ಮೇಷ್ಟ್ರಿಗೆ ಹೇಳುವುದು ನ್ಯಾಯ, ಅವರ ಹೆಸರಿನ ವಿಷಯವಲ್ಲವೇ, ಎಂದುಕೊಂಡ. ಹಿಂದಿನ ಸೀಟಿನಲ್ಲಿ ಇಬ್ಬರು ಹೆಂಗಸರು ತೆಲುಗಿನಲ್ಲಿ ಯಾರದೋ ಮಗಳ ಸೀಮಂತದ ಮಾತಾಡುತ್ತಿದ್ದರು. ಮೊಬೈಲಿನಲ್ಲಿ ರಂಜಿತಳ ನಂಬರ್ ಇನ್ನೂ ಇತ್ತು. 'ನೀವು ಕೇಳಿದ್ದ ಪ್ರಶ್ನೆ' ಎಂದು ಬರೆದು, ಮುಂದೇನು ಬರೆಯಬೇಕೆಂದು ತೋಚದೆ, ಮೂರೂ ಪದಗಳನ್ನು ಅಳಿಸಿದ.

ಶ್ರೀನಿವಾಸಪುರದಲ್ಲಿ ಮಾವಿನ ಕಾಲ ಮುಗಿಯುತ್ತ ಬಂದಿತ್ತು. ಸಗಟು ಮಂಡಿಗಳ ಮುಂದೆ ಒಡೆದ ಹಣ್ಣಿನ ಹುಳಿವಾಸನೆ, ಹುಲ್ಲು, ನೊಣ. ಈ ಊರಿನ ಹೈಸ್ಕೂಲಿನಲ್ಲೇ ಅಶ್ವತ್ಥಪ್ಪ ಮೇಷ್ಟ್ರು ಅವನಿಗೆ ಡ್ರಾಯಿಂಗ್ ಕಲಿಸಿದ್ದು. ಕಿಟಕಿಯಾಚೆಯ ಮಾವಿನ ಮರದಿಂದ ಎರಡು ಎಲೆ ಕಿತ್ತು ತಂದು ಮೇಜಿನ ಮೇಲಿಟ್ಟು, ಬರೀರಿ ಎನ್ನುತ್ತಿದ್ದರು. ಎರಡನ್ನೂ ಒಂದೇ ಥರ ಬರೆದವನಿಗೆ ಸೊನ್ನೆ. ಶ್ರೀಧರ ಒಂದು ಎಲೆಯ ನರ ಎಷ್ಟು, ಇನ್ನೊಂದರದು ಎಷ್ಟು ಎಂದು ಎಣಿಸಿ ಬರೆದಿದ್ದ. ಇವನಿಗೆ ಕಣ್ಣಿದೆ ಕಣ್ರೋ, ಎಂದು ಮೇಷ್ಟ್ರು ಇಡೀ ಕ್ಲಾಸಿಗೆ ಅವನ ಹಾಳೆಯನ್ನು ಎತ್ತಿ ತೋರಿಸಿದ್ದರು. ಬೇರೆ ಯಾವ ವಿಷಯದಲ್ಲೂ ಯಾರೂ ಅವನನ್ನು ಎತ್ತಿ ತೋರಿಸಿರಲಿಲ್ಲ. ಆ ಹಾಳೆಯ ಬಲದಿಂದಲೇ ಅವನು ಇಷ್ಟು ದೂರ ಬಂದಿದ್ದ.

"ರಾ ನಾಯ್ನಾ, ಬಾ ಒಳಗೆ, ಬಿಸ್ಲಲ್ಲಿ ಬಂದ್ಯಾ," ಎಂದು ಶಾಮಲಮ್ಮ ಬಾಗಿಲು ತೆಗೆದರು. ನೊಣಕ್ಕೆ ಹೆದರಿ ಕಿಟಕಿ ಬಾಗಿಲುಗಳನ್ನೆಲ್ಲ ಹಾಕಿದ್ದರು. ಕತ್ತಲೆಯ ನಡುಮನೆಯಲ್ಲಿ ಮೇಷ್ಟ್ರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬೆತ್ತದ ಕುರ್ಚಿಯಲ್ಲಿ ಕೂತಿದ್ದರು. ಎರಡು ವರ್ಷದಿಂದ ಅವರಿಗೆ ಕತ್ತಲೂ ಒಂದೇ, ಬೆಳಕೂ ಒಂದೇ. ಶ್ರೀಧರನ ಚಪ್ಪಲಿಯ ಸದ್ದಿಗೇ ಮುಖವೆತ್ತಿದರು. "ಏನ್ಲಾ, ಪುಸ್ತಕ ಮುಗೀತಾ ಇಲ್ವಾ? ನಾನು ಮುಗಿಯೋದ್ರೊಳ್ಗೆ ಮುಗ್ಸು ಅಂದಿದ್ದೆ." "ಇವತ್ತು ಸಂಜೆ ಮಿಷಿನ್ನಿಗೆ ಹೋಗುತ್ತೆ ಮೇಷ್ಟ್ರೇ." "ನಂದು ಯಾವ ಪುಟ?" "ಇಪ್ಪತ್ನಾಲ್ಕು." "ಇಪ್ಪತ್ನಾಲ್ಕು," ಎಂದು ಒಳಗಿನ ಕಡೆ ತಿರುಗಿ ಗಟ್ಟಿಯಾಗಿ ಹೇಳಿದರು, ಹೆಂಡತಿಗೆ ಕೇಳಲೆಂದು. "ಮೂವತ್ನಾಲ್ಕು ವರ್ಷ ಡ್ರಾಯಿಂಗ್ ಮೇಷ್ಟ್ರಾಗಿದ್ದೆ. ಗೋಡೆ ಮೇಲೆ ಒಂದು ಹೆಸ್ರು ಬರೀಲಿಲ್ಲ ಯಾರೂ. ಈಗ ನೋಡು, ಆನೆ ಹೊಟ್ಟೆ ಕೆಳ್ಗೆ ಜಾಗ ಸಿಕ್ತು." ನಗುವಾಗ ಕಣ್ಣಿನ ಗುಡ್ಡೆಗಳು ನಗಲಿಲ್ಲ. "ಮೇಷ್ಟ್ರೇ, ಒಂದು ವಿಷಯ ಹೇಳ್ಬೇಕಿತ್ತು," ಎಂದ ಶ್ರೀಧರ. "ಹೇಳಿವಂತೆ. ಮೊದ್ಲು ಕಾಸು ಕೊಡು. ಎರಡೂ ತಂದಿದ್ದೀಯ ತಾನೇ? ಮೊದಲ್ನೇದೂ ಮನೇಲಿ ಸಿಗ್ತಿಲ್ಲ, ನಿನ್ನ ಹತ್ರನೇ ಉಳ್ದಿರ್ಬೇಕು. ಓದೋಕಂತೂ ಆಗಲ್ಲ, ಒಂದ್ಸಲ ಮುಟ್ಟಿ ನೋಡ್ತೀನಿ."

ಇಲ್ಲಿ ಹೇಳಬೇಕಿತ್ತು. ಇಲ್ಲಿ ಎಂದು ಅವನಿಗೆ ಸ್ಪಷ್ಟವಾಗಿ ಗೊತ್ತಿತ್ತು. ಪೊಟ್ಟಣ ಬಿಡಿಸಿ ಕಾಸನ್ನು ಮೇಷ್ಟ್ರ ಬಲ ಅಂಗೈಯ ಮೇಲಿಟ್ಟ. ಅವರ ಹೆಬ್ಬೆರಳು ಕಾಸಿನ ನಡುವಿನಿಂದ ಶುರುಮಾಡಿತು. ಆನೆಯ ಬೆನ್ನು, ತಲೆ, ಸೊಂಡಿಲು. ಹೊಟ್ಟೆಯ ಕೆಳಗೆ ಬಂದು, ಚುಕ್ಕೆಯ ಮೇಲೆ ಎರಡು ಸಲ ಸುತ್ತಿತು. "ಹಾಂ." ಆಮೇಲೆ ಅಂಚಿನ ಸುತ್ತ ನಿಧಾನಕ್ಕೆ ಹೋಗಿ ಒಂದು ಕಡೆ ನಿಂತಿತು. "ಇಲ್ಲೊಂಚೂರು ತಿಂದ್ಹೋಗಿದೆ." "ಹೌದು ಮೇಷ್ಟ್ರೇ." "ಸರಿ, ಇದು ಒಂದು." ಬಲಗೈಯನ್ನು ಮುಂದೆ ಚಾಚಿದರು. ಶ್ರೀಧರ ಕಾಸನ್ನು ತೆಗೆದುಕೊಂಡ. "ಎಲ್ಲಿ, ಎರಡನೇದು," ಎಂದು ಎಡಗೈ ಚಾಚಿದರು. ಆ ಅಂಗೈ ಬಿಳಿಚಿಕೊಂಡಿತ್ತು, ಗೆರೆಗಳಲ್ಲಿ ಮಾತ್ರ ಕೆಂಪು; ನಡುಗದೆ ನೆಟ್ಟಗೆ ನಿಂತಿತ್ತು. ಎರಡನೆಯದು ಇಲ್ಲ ಎನ್ನಲು ಬಾಯಿ ತೆರೆದ. ಕೈ ತಾನಾಗಿ ಮುಂದೆ ಹೋಯಿತು. ಅದೇ ಕಾಸನ್ನು ಅವರ ಎಡ ಅಂಗೈಯ ಮೇಲಿಟ್ಟಿತು.

ಮೇಷ್ಟ್ರು ಬೆರಳು ಮಡಿಚಿದರು. ಹೆಬ್ಬೆರಳು ಚಲಿಸಲಿಲ್ಲ. "ಬೆಚ್ಚಗಿದೆಯಲ್ಲೋ ಇದು," ಎಂದರು.

"ಜೇಬಲ್ಲಿತ್ತು ಮೇಷ್ಟ್ರೇ." "ಮೊದಲ್ನೇದು?" "ಅದೂ ಜೇಬಲ್ಲೇ." "ಅದು ತಣ್ಣಗಿತ್ತು." ಒಳಗೆ ಸ್ಟೌವಿನ ಮೇಲೆ ಹಾಲು ಉಕ್ಕುವ ಸದ್ದು, ಶಾಮಲಮ್ಮ ಓಡಿದ ಸದ್ದು. ಮೇಷ್ಟ್ರ ಹೆಬ್ಬೆರಳು ಈಗ ನಿಧಾನವಾಗಿ ಅಂಚಿನ ಕಡೆ ಸಾಗಿತು. ಆನೆಯನ್ನಾಗಲೀ ಚುಕ್ಕೆಯನ್ನಾಗಲೀ ಹುಡುಕಲಿಲ್ಲ. ನೆಟ್ಟಗೆ ಅಂಚಿಗೇ ಹೋಯಿತು. ಅರ್ಧ ಸುತ್ತು ಬಂದು ಕಚ್ಚಿನ ಹತ್ತಿರ, ಉಗುರಿನಷ್ಟು ಅಂತರದಲ್ಲಿ ನಿಂತುಬಿಟ್ಟಿತು. ಮುಂದಕ್ಕೆ ಹೋಗಲಿಲ್ಲ. ಇನ್ನೊಂದು ಉಗುರಿನಷ್ಟು ಹೋಗಲಿ, ಹೋಗಿ ಮುಟ್ಟಲಿ, ಮುಟ್ಟಿ ಇವನ ಕೆನ್ನೆಗೆ ಬಾರಿಸಲಿ ಎಂದು ಶ್ರೀಧರ ಕಾಯುತ್ತ ಕುಳಿತ. ಶಾಮಲಮ್ಮ ಕಾಫಿ ಲೋಟಗಳನ್ನು ಹಿಡಿದು ಬಂದರು. "ಬಂತಾ ನನ್ನ ಕಾಸು? ಬಿಡಿ ಇತ್ಲಾಗೆ. ಬೆಳಿಗ್ಗೆ ಫೋನ್ ಮಾಡಿ ಎಷ್ಟು ಹಾಕ್ತೀರ ಕಳಸಕ್ಕೆ ಅಂತ ಕೇಳ್ತಾನೆ ನಿಮ್ಮ ಶಿಷ್ಯ. ಹೊಡ್ದು ಹೊಡ್ದು ಹಾಕೋಕೆ ನಮ್ಮನೇಲೇನು ಟಂಕಸಾಲೆ ಇದ್ಯಾ? ಇದ್ದಿದ್ದೇ ಇದೊಂದು." ಗಂಡನ ಬೆರಳು ಬಿಡಿಸಿ ಕಾಸು ತೆಗೆದುಕೊಂಡು ದೇವರ ಮನೆಗೆ ಹೋದರು. ಹಿತ್ತಾಳೆಯ ತಟ್ಟೆಯಲ್ಲಿ ಅದು ಬಿದ್ದ ಸದ್ದನ್ನು ಇಬ್ಬರೂ ಕೇಳಿದರು. ಒಂದೇ ಸದ್ದು.

ಮೇಷ್ಟ್ರು ಕಾಫಿಯ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಕುಡಿಯಲಿಲ್ಲ. "ಆವತ್ತು ಕೂಟದಲ್ಲಿ ಒಂದು ಹುಡ್ಗಿ ಎದ್ದು ಕೇಳಿದ್ಲಲ್ಲ. ಏನು ಕೇಳಿದ್ಲು?" ಶ್ರೀಧರ ತನ್ನ ಲೋಟವನ್ನು ನೆಲದ ಮೇಲಿಟ್ಟ. "ಹೇಳೋ." "ಇವೆರಡೂ ಒಂದೇ ಕಾಸಲ್ವಾ ಅಂತ." "ನೀನೇನಂದೆ?" "ಗೂಡಿನ ವಿಷಯ ಏನೋ ಅಂದೆ." "ಪೂರ್ತಿ ಹೇಳು." ಅವನು ಪೂರ್ತಿ ಹೇಳಿದ, ಪದ ಬಿಡದೆ. ಕಿಟಕಿ ಹಾಕಿದ ಕೋಣೆಯಲ್ಲಿ ಯಾರೂ ನಗದೆ ಆ ಮಾತು ಮುಗಿಯಿತು. "ನಾನೂ ನಕ್ಕೆ, ಅಲ್ವಾ?" "ಹೂಂ." "ಅವ್ಳು ಬರ್ತಾಳಾ, ಪುಸ್ತಕದ ಬಿಡುಗಡೆಗೆ?" ಈಗ ಹೇಳುತ್ತಾರೆ, ಅವಳನ್ನು ಕರಿ, ಎಲ್ಲರ ಮುಂದೆ ತಪ್ಪಾಯಿತು ಅನ್ನು, ಆ ಪುಟ ಹರಿದುಹಾಕು ಎಂದು. ಇದನ್ನು ಕೇಳಲೆಂದೇ ತಾನು ಮಾಲೂರಿನಿಂದ ಬಂದದ್ದೆಂದು ಶ್ರೀಧರನಿಗೆ ತಿಳಿಯಿತು. "ಕರ್ದಿಲ್ಲ ಮೇಷ್ಟ್ರೇ. ನೀವು ಹೇಳಿದ್ರೆ ಕರೀತೀನಿ."

ಮೇಷ್ಟ್ರು ಕಾಫಿ ಕುಡಿದರು. ಒಂದೇ ಸಮ, ಲೋಟ ಖಾಲಿಯಾಗುವವರೆಗೆ. ಲೋಟವನ್ನು ಕೆಳಗಿಡಲು ಜಾಗ ತಡಕಿದರು. ಶ್ರೀಧರ ತೆಗೆದುಕೊಂಡ.

"ಕರೀಬೇಡ," ಎಂದರು.

ಆಮೇಲೆ ಅವರು ಮಾತಾಡಿದ್ದೆಲ್ಲ ಬಿಡುಗಡೆಯ ದಿನ ಯಾವ ಶಾಲು ಹೊದಿಸುತ್ತಾರೆ, ಕಾರು ಎಷ್ಟು ಗಂಟೆಗೆ ಬರುತ್ತದೆ ಎಂಬುದನ್ನು. ಏನೋ ಹೇಳ್ಬೇಕು ಅಂದ್ಯಲ್ಲ, ಎಂದು ಕೊನೆಯವರೆಗೂ ಕೇಳಲಿಲ್ಲ. ಹೊರಡುವಾಗ ಅವನು ಕಾಲಿಗೆ ಬಗ್ಗಿದರೆ, ತಲೆಯ ಮೇಲಿಡಲು ಬಂದ ಕೈ ಭುಜದ ಮೇಲೆ ಬಿತ್ತು, ಹಿಡಿದುಕೊಂಡಿತು, ಸ್ವಲ್ಪ ಹೆಚ್ಚೇ ಹೊತ್ತು. "ಕಣ್ಣಿರೋನು ಕಣೋ ನೀನು," ಎಂದರು. ಹೊಗಳಿಕೆಯೋ ಬೇಡಿಕೆಯೋ ಅವನಿಗೆ ತಿಳಿಯಲಿಲ್ಲ. ಬಚ್ಚಲ ಕಡೆಯಿಂದ ಹಾಯ್ದು ಬರುವಾಗ ಶಾಮಲಮ್ಮ ಕಲ್ಲಿನ ಮುಂದೆ ಕುಕ್ಕುರುಗಾಲಲ್ಲಿ ಕೂತಿದ್ದರು. ಹಬ್ಬಕ್ಕೆ ಇನ್ನೂ ದಿನವಿತ್ತು. ಆದರೂ ಮೂರು ವರ್ಷ ಊರೂರು ತಿರುಗಿ ಬಂದ ಕಾಸು, ಉಜ್ಜಿಯೇ ಒಳಗಿಡುತ್ತೇನೆ ಎಂದರು. ಹುಣಸೆಹಣ್ಣಿನ ಕಂದು ನೊರೆಯಲ್ಲಿ ಆನೆ ಕಾಣುತ್ತಿರಲಿಲ್ಲ.

ಬಸ್ಸು ಹತ್ತಿ ಕೂರುವಷ್ಟರಲ್ಲಿ ನಾಲ್ಕೂ ಹತ್ತಾಗಿತ್ತು. ಮುಂದಿನ ಸೀಟಿನ ಬಳಿ ಯಾರೋ ಮಾವಿನ ಕ್ರೇಟುಗಳನ್ನು ಒಂದರ ಮೇಲೊಂದು ಇಟ್ಟಿದ್ದರು, ಕಾಲು ಚಾಚಲು ಜಾಗವಿರಲಿಲ್ಲ. ಮೊಣಕಾಲನ್ನು ಒಂದು ಪಕ್ಕಕ್ಕೆ ಮಡಿಚಿ ಕುಳಿತ. ಬೆರಳಿನ ತುದಿಯಲ್ಲಿ ತಾಮ್ರದ ವಾಸನೆ. ಒಂದು ಫೋನ್ ಸಾಕಿತ್ತು. ಆ ಪುಟ ನಿಲ್ಲಿಸು ಎಂದರೆ ಪವಿತ್ರ ನಿಲ್ಲಿಸುತ್ತಾಳೆ, ಕಾರಣವನ್ನೂ ಕೇಳುವುದಿಲ್ಲ. ನಿಲ್ಲಿಸಿದ ಮೇಲೆ ಬಿಳಿ ಅಂಗಿ ತೊಟ್ಟು ಕಾರಿಗೆ ಕಾಯುವ ಕುರುಡ ಮುದುಕನಿಗೆ ಏನು ಹೇಳುವುದು? ಅವರಿಗೆ ಗೊತ್ತು. ಅವರಿಗೆ ಗೊತ್ತೆಂದು ಇವನಿಗೆ ಗೊತ್ತು. ಬೆಳಿಗ್ಗೆ ಇದು ಬರಿ ತಪ್ಪಾಗಿತ್ತು, ತಿದ್ದಬಹುದಿತ್ತು. ಮೊಬೈಲ್ ತೆಗೆದು ರಂಜಿತಳ ಹೆಸರಿನ ಮೇಲೆ ಬೆರಳಿಟ್ಟ. ಬೆರಳ ಕೆಳಗೇ ಅದು ನಡುಗಿತು. ಪ್ರೆಸ್ಸಿನಿಂದ ಕರೆ.

"ಸಾರ್, ಪವಿತ್ರ. ನೀವು ಫೋಟೋ ಕಳಿಸ್ಲೇ ಇಲ್ಲ, ಕಾದು ಕಾದು ನಾನೇ ನೆಟ್ಟಗೆ ಮಾಡ್ಬಿಟ್ಟೆ. ಮೂವತ್ತೊಂದನೇ ಆನೆ. ಈಗ ಪಕ್ಕದ್ದಕ್ಕೂ ಇದಕ್ಕೂ ಎಷ್ಟು ಚೆನ್ನಾಗಿ ಜೋಡಿ ಆಯ್ತು ಗೊತ್ತಾ, ಅಚ್ಚು ಹೊಡ್ದಂಗಿದೆ." ನೆಟ್ಟಗೆ ನಿಂತರೆ ಎರಡರ ಕಚ್ಚೂ ಒಂದೇ ಜಾಗಕ್ಕೆ ಬರುತ್ತದೆ, ಯಾರ ಕಣ್ಣಿಗಾದರೂ ಬೀಳುತ್ತದೆ. ಬಸ್ಸು ಹೊರಟಿತು. ಕ್ರೇಟುಗಳು ಒಮ್ಮೆ ಜರುಗಿ ಅವನ ಮೊಣಕಾಲಿಗೆ ಒತ್ತಿ ನಿಂತವು. "ಸಾರ್? ಕೇಳಿಸ್ತಿದ್ಯಾ? ಮಿಷಿನ್ನಿಗೆ ಕೊಡ್ಲಾ?"

"ಬೇಡಮ್ಮ," ಎಂದ.

"ಏನ್ ಬೇಡ ಸಾರ್?"

"ನೆಟ್ಟಗೆ ಬೇಡ. ಮೊದಲಿದ್ದ ಹಾಗೇ ಇರ್ಲಿ."

"ವಾಲಿಸ್ಬೇಕಾ ಮತ್ತೆ?" ಅವಳ ದನಿಯಲ್ಲಿ ಬೇಸರವಿತ್ತು. "ಒಂದು ಪುಟದಲ್ಲಿ ಎಲ್ಲಾ ನೆಟ್ಟಗಿರ್ತವೆ, ಇದೊಂದು ಕುಡ್ದಂಗೆ ನಿಂತಿರುತ್ತೆ. ನಿಮ್ಮಿಷ್ಟ. ಆದ್ರೆ ಹಳೇದು ಉಳ್ಸಿಕೊಂಡಿಲ್ಲ ಸಾರ್ ನಾನು. ಎಷ್ಟು ವಾಲಿಸ್ಲಿ, ಅಂದಾಜಿಗೆ?"

"ಅಂದಾಜಿಗೆ ಬೇಡ," ಎಂದ ಶ್ರೀಧರ. "ಹದಿನಾಲ್ಕು ಡಿಗ್ರಿ."

"ಎಡಕ್ಕಾ ಬಲಕ್ಕಾ?"

ಗಾಜಿನಾಚೆ ಮಾವಿನ ತೋಪುಗಳು ಸಾಲಾಗಿ ಸರಿಯುತ್ತಿದ್ದವು. ಆವತ್ತು ಹಿಂದಿನ ಸಾಲಿನಲ್ಲಿ ಆ ಹುಡುಗಿ ಕುತ್ತಿಗೆಯನ್ನು ಯಾವ ಕಡೆ ವಾಲಿಸಿದ್ದಳೆಂದು ನೆನಪಿಸಿಕೊಂಡ.

"ಬಲಕ್ಕೆ," ಎಂದ.